ಸಾವಕಾಶಪ್ಪನೂ ನಮ್ಮ ಕಾರೂ

ತನಗಿಂತ ಒಳ್ಳೆಯ ನಡತೆಯವರ ಜೊತೆ ದಿನಾಲೂ ಪ್ರಯಾಣ ಮಾಡುವುದು ಬಹಳ ತ್ರಾಸಿನ ಕೆಲಸ. ಒಂದು ದಿನದ ಮಟ್ಟಿಗಾದರೆ ಹೇಗೋ ಸಹಿಸಬಹುದು. ಬಸ್ಸಿನಲ್ಲಿ ಬಾಜೂಕಿನ ಸೀಟಿನವರು ಬಾಳೆಹಣ್ಣಿನ ಸಿಪ್ಪೆಯನ್ನು ಕಿಟಕಿಯಿಂದ ಎಸೆಯದೆ ಮಡಚಿ ಚೀಲದಲ್ಲಿ ಇಟ್ಟುಕೊಂಡರೆ, ನಾವೂ ನಮ್ಮ ಸಿಪ್ಪೆಯನ್ನು ಕೈಯಲ್ಲೇ ಹಿಡಿದುಕೊಂಡು, ಅವರು ಯಾವಾಗ ಇಳಿಯುತ್ತಾರೋ ಎಂದು ಕಾಯುತ್ತಾ ಕೂಡಬಹುದು. ಆದರೆ ಅಂಥ ಸಜ್ಜನರು ನಮ್ಮ ಮನೆಯ ಮುಂದೆಯೇ ಇದ್ದು, ದಿನಾ ಬೆಳಿಗ್ಗೆ ನಮ್ಮನ್ನು ಸಾಲಿಗೆ, ಅಂದರೆ ಶಾಲೆಗೆ, ಕರೆದುಕೊಂಡು ಹೋಗಿ ಸಂಜೆ ತಂದು ಬಿಡುವವರಾದರೆ? ನನ್ನ ಗತಿ ಹಾಗಾಗಿದೆ. ಆ ಸಜ್ಜನರು ಬೇರೆ ಯಾರೂ ಅಲ್ಲ, ನಮ್ಮ ಹೊಸ ಕಾರು.

'ನಮ್ಮ' ಎಂದು ಬಾಯಿಗೆ ಬಂತು, ಬರೆದುಬಿಟ್ಟೆ. ಖರೇ ಹೇಳಬೇಕೆಂದರೆ ಅದು ನನ್ನ ಹೆಂಡತಿ ಸುಮಂಗಲಾಳ ಕಾರು. ಆಕೆ ಕುಂದಗೋಳದ ದವಾಖಾನೆಯಲ್ಲಿ ನರ್ಸ್. ನಾನು ಕುಬಿಹಾಳದ ಆಚೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ. ಮೊದಲು ನನ್ನ ಬೈಕ್ ಇತ್ತು, ನನ್ನ ಸ್ವಾತಂತ್ರ್ಯವೂ ಇತ್ತು. ಯಾವಾಗ ನಮ್ಮ ರಸ್ತೆಯನ್ನು ಅಗಲ ಮಾಡುವ ಕೆಲಸ ಶುರುವಾಯಿತೋ, ಆಗ ಒಂದು ಸಂಜೆ ಹರಡಿದ ಜಲ್ಲಿ ಖಡಿಯ ಮೇಲೆ ನಾನು ಮತ್ತು ಬೈಕು ಬೇರೆ ಬೇರೆ ದಿಕ್ಕಿಗೆ ಹೊರಟೆವು. ನಾನು ಕುಂಟುತ್ತಾ ಸೀದಾ ಹೆಂಡತಿಯ ದವಾಖಾನೆಗೇ ಹೋಗಬೇಕಾಯಿತು. ಆಕೆ ಚಿಮಟಿ ಹಿಡಿದು ಮೊಣಕಾಲಿನಿಂದ ಖಡಿಯ ಚೂರುಗಳನ್ನು ಆರಿಸತೊಡಗಿದಳು. ಒಂದೊಂದು ಚೂರನ್ನೂ ಸ್ಟೀಲಿನ ಟ್ರೇಯಲ್ಲಿ 'ಟಣ್' ಎನ್ನುವಂತೆ ಬಿಡುತ್ತಿದ್ದಳು. ಬೈಗುಳವನ್ನಾದರೂ ತಡೆದುಕೊಳ್ಳಬಹುದಿತ್ತು. ಕೊನೆಯ ಟಣ್ ಆದ ಮೇಲೆ ಹೇಳಿದಳು: "ಇನ್ನ ಬೈಕ್ ಸಾಕ್ರಿ. ಈ ರಸ್ತೆ ಮ್ಯಾಲಿಂದ ಎಂಥೆಂಥವ್ರು ಇಲ್ಲಿಗಿ ಬಂದು ಬೀಳ್ತಾರ ಅನ್ನೂದು ನಾ ದಿನಾ ನೋಡ್ತೀನಿ. ನಿಮ್ಮ ತಲೀ ಮ್ಯಾಲೆ ನನಗ ಭರೋಸಾ ಇಲ್ಲ. ತಲಿ ಇದ್ದ ಗಾಡೀನ ತರೂಣು."

ಹೀಗೆ ತಲೆ ಇದ್ದ ಗಾಡಿ ಮನೆಗೆ ಬಂತು. ಅದು ಪೂರ್ತಿ ತಾನೇ ಓಡುವ ಕಾರೇನೂ ಅಲ್ಲ; ಅಂಥವು ಇನ್ನೂ ನಮ್ಮ ಕುಂದಗೋಳದ ಕಡೆ ಬಂದಿಲ್ಲ, ಬಂದರೂ ಸಂತೆಯ ದಿನ ಊರ ಹೊರಗೇ ನಿಂತು ಅಳುತ್ತವೆ ಎಂದು ನನ್ನ ಅಂದಾಜು. ಇದು ಅರ್ಧ ತಾನೇ ಓಡುತ್ತದೆ. ಮುಂದಿನ ಗಾಡಿ ನಿಧಾನವಾದರೆ ತಾನೂ ನಿಧಾನವಾಗುತ್ತದೆ. ರಸ್ತೆಯ ಬಿಳಿ ಗೆರೆ ಕಂಡರೆ ಗೆರೆಗಳ ನಡುವೆ ತಾನೇ ಸ್ಟೇರಿಂಗ್ ತಿರುಗಿಸಿಕೊಳ್ಳುತ್ತದೆ. ಮನುಷ್ಯರು ಎದುರು ಬಂದರೆ 'ಕುಂಯ್ ಕುಂಯ್' ಎಂದು ಕೂಗಿ, ನಾವು ಬ್ರೇಕ್ ಒತ್ತದಿದ್ದರೆ ತಾನೇ ಒತ್ತಿಬಿಡುತ್ತದೆ. ಶೋರೂಮಿನ ಹೆಣ್ಣುಮಗಳು ಇದನ್ನೆಲ್ಲ ವಿವರಿಸಿ, "ಸರ್, ಇನ್ನ ನೀವು ಅಗದಿ ಆರಾಮ ಕೂಡಬಹುದ್ರಿ" ಎಂದಳು. ಸುಮಂಗಲಾ ನನ್ನತ್ತ ನೋಡಿ, "ಅವ್ರು ಆರಾಮ ಕೂಡೂದು ಬ್ಯಾಡ್ರಿ, ಸುಮ್ಮನ ಕೂತ್ರ ಸಾಕು" ಎಂದಳು.

ಕಾರಿಗೆ ನಮ್ಮ ರಸ್ತೆಯ ಪರಿಚಯ ಆಗುವವರೆಗೆ ಪಾಪ ಬಹಳ ಕಕ್ಕಾಬಿಕ್ಕಿಯಾಯಿತು. ಅದು ಕಲಿತುಬಂದ ರಸ್ತೆಯಲ್ಲಿ ಬಿಳಿ ಗೆರೆ ಇರುತ್ತಿತ್ತೋ ಏನೋ, ನಮ್ಮಲ್ಲಿ ಅಗೆದು ಬಿಟ್ಟ ಎರೆಮಣ್ಣು ಇತ್ತು. ಮೊದಲ ವಾರ ಕೆಲಸದವರು ಗುರುತಿಗಾಗಿ ಸುಣ್ಣದ ಪುಡಿಯಿಂದ ಒಂದು ಗೆರೆ ಎಳೆದಿದ್ದರು. ಅದನ್ನು ಕಂಡ ಕೂಡಲೇ ಕಾರು ತವರಿನವರನ್ನು ಕಂಡಂತೆ ಹಿಗ್ಗಿ, ಗೆರೆಯನ್ನೇ ಹಿಡಿದು ನಡೆದು, ನನ್ನನ್ನು ಗರಸು ಮಣ್ಣಿನ ಗುಡ್ಡೆಯ ಬುಡಕ್ಕೆ ತಂದು ನಿಲ್ಲಿಸಿತು. ಆಗ ನನಗಾದ ಆನಂದ ಅಷ್ಟಿಷ್ಟಲ್ಲ. ಮನೆಗೆ ಬಂದು, "ನೋಡಿದಿ, ನಿನ್ನ ತಲಿ ಇದ್ದ ಗಾಡಿ!" ಎಂದು ರಾತ್ರಿ ಊಟದವರೆಗೂ ಆಡಿಕೊಂಡೆ. ಆಕೆ ರೊಟ್ಟಿ ಬಡಿಯುತ್ತಾ, "ಗುಡ್ಡಿ ಮುಂದ ನಿಂತತೋ, ಗುಡ್ಡಿ ಹತ್ತಿತೋ?" ಎಂದು ಕೇಳಿದಳು. ನಿಂತಿತು ಎಂದೆ. "ಮತ್ತ! ನೀವು ಬೈಕ್ ತಗೊಂಡು ಖಡಿ ಹತ್ತಿದ್ರಿ" ಎಂದಳು.

ಈಗ ನಮ್ಮ ರಸ್ತೆಯ ಬಗ್ಗೆ ಸ್ವಲ್ಪ ಹೇಳಬೇಕು. ಕುಬಿಹಾಳದ ಹೊಲಗಳಿಗೆ ಹೋಗುವ ಹಾದಿ ಬಂದು ಕೂಡುವಲ್ಲಿ ರಸ್ತೆಯ ಅರ್ಧ ಭಾಗವನ್ನು ಬಂದ್ ಮಾಡಿ ಕೆಲಸ ನಡೆಸಿದ್ದರು. ಉಳಿದ ಅರ್ಧದಲ್ಲಿ ಹೋಗುವವರೂ ಬರುವವರೂ ಒಬ್ಬರಿಗೊಬ್ಬರು ದಾರಿ ಬಿಟ್ಟು ನಡೆಯಬೇಕು. 'ನಿಧಾನವಾಗಿ ಚಲಿಸಿ, ಕಾಮಗಾರಿ ನಡೆದಿದೆ' ಎಂಬ ಬೋರ್ಡು ಇತ್ತು. ನಮ್ಮ ಕಡೆಯ ಜನರಿಗೆ ಆ ಬೋರ್ಡು ಕಂಡರೆ ಎಲ್ಲಿಲ್ಲದ ಹುರುಪು. ಮುಂದೆ ತಡವಾಗುತ್ತದೆ ಎಂದು ಸರ್ಕಾರವೇ ಬರೆದು ಹಾಕಿದ ಮೇಲೆ, ತಡವಾಗುವ ಮೊದಲೇ ದಾಟಿಬಿಡಬೇಕೆಂದು ಎಲ್ಲರೂ ಅಲ್ಲಿಯೇ ವೇಗ ಹೆಚ್ಚಿಸುತ್ತಾರೆ. ಎದುರಿನಿಂದ ಬಂದವನೂ ಅದೇ ವಿಚಾರದವನು. ಇಬ್ಬರೂ ಮೂತಿಗೆ ಮೂತಿ ಹಚ್ಚಿ ನಿಂತು, "ನೀ ಹಿಂದ ತಗೋ", "ನಾ ಯಾಕ ತಗೊಳ್ಳಿ?" ಎಂದು ಶುರುಮಾಡಿದರೆ, ಹಿಂದಿನವರು ಎಂಜಿನ್ ಬಂದ್ ಮಾಡಿ ಎಲೆಅಡಿಕೆ ಹಾಕಿಕೊಳ್ಳುತ್ತಾರೆ. ಇನ್ನು ಹೆಚ್ಚು ಬುದ್ಧಿವಂತರು, ಅಂದರೆ ನನ್ನಂಥವರು, ಬಂದ್ ಮಾಡಿದ ಭಾಗಕ್ಕೇ ಗಾಡಿ ನುಗ್ಗಿಸುತ್ತಾರೆ. ಯಾಕೆಂದರೆ ಅಲ್ಲಿ ರೋಲರ್ ಹೊಡೆದು ನೆಲವನ್ನು ಅಂಗೈಯಂತೆ ಸಾಪು ಮಾಡಿರುತ್ತಾರೆ.

ತಡೆಯಲು ಕೆಲಸದವರು ಕೆಂಪು ಕೇಸರಿ ಬಣ್ಣದ, ಚೂಪು ತುದಿಯ ಪ್ಲಾಸ್ಟಿಕ್ ಟೊಪ್ಪಿಗೆಗಳನ್ನು ಸಾಲಾಗಿ ಇಟ್ಟಿದ್ದರು. ಆದರೆ ಆ ಟೊಪ್ಪಿಗೆಯನ್ನು ಬೋರಲು ಹಾಕಿ ಚೀಲದ ಬಾಯಿಗೆ ಇಟ್ಟರೆ ಕಡಲೆ, ಜೋಳ ಸುರಿಯಲು ಅದರಂಥ ಲಾಳಿಕೆ ಇನ್ನೊಂದಿಲ್ಲ ಎಂಬುದನ್ನು ಯಾರೋ ಕಂಡುಹಿಡಿದರು. ವಾರದೊಳಗೆ ಸಾಲು ಕರಗಿತು. ಟೊಪ್ಪಿಗೆಗೆ ಸುತ್ತಿದ್ದ ಮಿಂಚುವ ಪಟ್ಟಿ ಎತ್ತಿನ ಕೊಂಬಿಗೆ ಏರಿತು. 'ನಿಧಾನವಾಗಿ ಚಲಿಸಿ' ಬೋರ್ಡನ್ನು ನಾನೇ ಒಂದು ಮಾಳಿಗೆಯ ಮೇಲೆ ಕಂಡೆ. ಅದರ ಮೇಲೆ ಯಾರೋ ತಾಯಿ ಸಂಡಿಗೆ ಒಣಹಾಕಿದ್ದರು. ಹಂಗಂತ ಊರಿನವರಿಗೆ ಚಿಂತೆ ಇರಲಿಲ್ಲವೆಂದಲ್ಲ. ಹೊಲಕ್ಕೆ ಬುತ್ತಿ ಹೊತ್ತ ಹೆಣ್ಣುಮಕ್ಕಳು, ಎತ್ತು, ಎಮ್ಮೆ, ಸಾಲಿ ಮಕ್ಕಳು ಎಲ್ಲ ದಾಟುವುದು ಅಲ್ಲಿಯೇ. ಒಂದು ದಿನ ಯಾವುದೋ ಗಾಡಿ ಒಂದು ಆಕಳ ಕರುವಿನ ಮೇಲೆ ಹಾಯ್ದು ನಿಲ್ಲದೆ ಹೋಯಿತು. ಆ ಕರು ಫಕ್ಕೀರಪ್ಪಜ್ಜನದು.

ಫಕ್ಕೀರಪ್ಪಜ್ಜ ಎಂದರೆ ಆ ಹಾದಿಯ ಪಕ್ಕದ ಹೊಲದವನು. ತೆಳ್ಳಗೆ, ಎತ್ತರದ ಮುದುಕ. ಯಾವಾಗಲೂ ಧೋತರ, ತೋಳುದ್ದದ ಬಿಳಿ ಅಂಗಿ, ತಲೆಗೆ ಕೆಂಪು ರುಮಾಲು. ಕರು ಸತ್ತ ಮರುದಿನ ಅಜ್ಜ ಯಾರ ಮೇಲೂ ಕೂಗಾಡಲಿಲ್ಲ, ಅರ್ಜಿ ಕೊಡಲಿಲ್ಲ. ತನ್ನ ಜೋಳದ ಹೊಲದಲ್ಲಿ ಹಕ್ಕಿ ಕಾಯುತ್ತಿದ್ದ ಬೆದರುಗೊಂಬೆಯನ್ನು ಕಿತ್ತು ತಂದ. ತನ್ನದೇ ಹಳೆಯ ಅಂಗಿ, ಧೋತರ, ರುಮಾಲು ಉಡಿಸಿದ. ಬಂದ್ ಮಾಡಿದ ಅರ್ಧ ರಸ್ತೆಯ ಬಾಯಿಯಲ್ಲಿ ಅದನ್ನು ನೆಟ್ಟು, ಕೈಗೆ ಒಂದು ಕೆಂಪು ಬಟ್ಟೆ ಕಟ್ಟಿದ. ಊರಿನವರು ಅದಕ್ಕೆ ಸಾವಕಾಶಪ್ಪ ಎಂದು ಹೆಸರಿಟ್ಟರು. ಅಮಾವಾಸ್ಯೆಯ ದಿನ ಟ್ರ್ಯಾಕ್ಟರಿಗೆ ಕಾಯಿ ಒಡೆದವರು ಒಂದು ಹೋಳನ್ನು ಸಾವಕಾಶಪ್ಪನ ಮುಂದೂ ಇಟ್ಟು, ಹಣೆಗೆ ವಿಭೂತಿ ಹಚ್ಚಿದರು. ಸರ್ಕಾರದ ಬೋರ್ಡು ಮಾಳಿಗೆ ಏರಿತು, ಆದರೆ ಅಜ್ಜನ ಅಂಗಿ ತೊಟ್ಟವನನ್ನು ಯಾರೂ ಮುಟ್ಟಲಿಲ್ಲ. ಇದನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ನಮ್ಮ ಮಂದಿಯ ಮೇಲೆ ಮಹಾ ಪ್ರೀತಿ ಉಕ್ಕುತ್ತದೆ.

ಮೊದಲೆರಡು ದಿನ ಎಲ್ಲ ಗಾಡಿಗಳೂ ಸಾವಕಾಶಪ್ಪನನ್ನು ಕಂಡು ಬ್ರೇಕ್ ಹಾಕಿದವು. ಆಮೇಲೆ ಗುಟ್ಟು ತಿಳಿಯಿತು. "ಏ, ಗೊಂಬಿ ಐತಲೇ!" ಎಂದು ನಕ್ಕು ಮತ್ತೆ ಮೊದಲಿನ ಹಾಗೆಯೇ ಹಾಯತೊಡಗಿದರು. ಗುಟ್ಟು ತಿಳಿಯದೆ ಉಳಿದದ್ದು ಇಡೀ ತಾಲೂಕಿನಲ್ಲಿ ಒಬ್ಬರಿಗೇ: ನಮ್ಮ ಕಾರಿಗೆ. ಅದು ದಿನಾ ಬೆಳಿಗ್ಗೆ ಸಾವಕಾಶಪ್ಪನನ್ನು ಕಾಣುತ್ತಿತ್ತು, ಕುಂಯ್ ಕುಂಯ್ ಎನ್ನುತ್ತಿತ್ತು, ಪರದೆಯ ಮೇಲೆ ಕೆಂಪು ಬಣ್ಣದ ಮನುಷ್ಯನ ಚಿತ್ರ ತೋರಿಸಿ ನಿಂತುಬಿಡುತ್ತಿತ್ತು. "ಅಪ್ಪಾ, ಅದು ಗೊಂಬಿ. ನಿನ್ನೇನೂ ಹೇಳೇನಿ, ಮೊನ್ನೇನೂ ಹೇಳೇನಿ" ಎಂದು ನಾನು ಸ್ಟೇರಿಂಗಿಗೆ ಬಡಿದುಕೊಂಡರೂ ಕೇಳದು. ದಡ್ಡ ಹುಡುಗರಿಗೆ ಸಂಧಿ ಸಮಾಸ ಕಲಿಸಿದ ನಾನು ಒಂದು ಕಾರಿಗೆ ಗೊಂಬೆ ಯಾವುದು, ಮನುಷ್ಯ ಯಾವುದು ಎಂದು ಕಲಿಸಲಾರದೆ ಸೋತೆ.

ಹಿಂದಿನಿಂದ ಟಂಟಂ ಆಟೋದ ಮಾಬುಸಾಬ ಬರುತ್ತಿದ್ದ. ಅವನ ಗಾಡಿಯಲ್ಲಿ ಒಳಗೆ ಎಷ್ಟು ಮಂದಿಯೋ, ಹೊರಗೆ ಜೋತುಬಿದ್ದವರು ಅಷ್ಟೇ ಮಂದಿ. ನಾನು ನಿಂತರೆ ಅವನೂ ನಿಲ್ಲಲೇಬೇಕು. ಕುತ್ತಿಗೆ ಹೊರಹಾಕಿ, "ಯಾಕ್ರಿ ಸರ, ಸಾವಕಾಶಪ್ಪಗ ಇವತ್ತೂ ಶರಣು ಮಾಡಾಕತ್ತೀರೇನ್ರಿ? ಆಶೀರ್ವಾದ ಆಗಿದ್ರ ಬಿಡ್ರಿ ಗಾಡಿ!" ಎನ್ನುತ್ತಿದ್ದ. ಅವನ ಪ್ರಯಾಣಿಕರು ಗೊಳ್ಳೆಂದು ನಗುತ್ತಿದ್ದರು. ಅವರಲ್ಲಿ ನನ್ನ ವಿದ್ಯಾರ್ಥಿಗಳ ತಂದೆತಾಯಿಗಳೂ ಇರುತ್ತಿದ್ದರು. ಮಾಸ್ತರನಾದವನು ಏನನ್ನಾದರೂ ಸಹಿಸಿಯಾನು, ಪಾಲಕರು ನಗುವುದನ್ನು ಸಹಿಸಲಾರ. ಕಾರನ್ನು ಹಿಂದಕ್ಕೆ ತೆಗೆದು, ಉಳಿದ ಅರ್ಧ ರಸ್ತೆಯಲ್ಲಿ ಸರದಿ ಕಾದು ಸಾಲಿಗೆ ಹೋಗುವಷ್ಟರಲ್ಲಿ ಪ್ರಾರ್ಥನೆ ಮುಗಿದಿರುತ್ತಿತ್ತು. 'ಸಮಯ ಪಾಲನೆ' ಎಂದು ಗೋಡೆಯ ಮೇಲೆ ಬರೆಸಿದವನು ನಾನೇ; ಅದರ ಕೆಳಗಿನಿಂದ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದೆ.

ಕೊನೆಗೆ ಶೋರೂಮಿನ ಹೆಣ್ಣುಮಗಳಿಗೆ ಫೋನ್ ಮಾಡಿದೆ. "ಬಾಯಾರ, ಈ ಕುಂಯ್ ಕುಂಯ್ ಅನ್ನೂದು, ತಾನ ನಿಲ್ಲೂದು ಬಂದ್ ಮಾಡೂದು ಹೆಂಗ್ರಿ?" ಎಂದೆ. ಆಕೆ ಪರದೆಯ ಮೇಲೆ ಎಲ್ಲಿ ಒತ್ತಬೇಕೆಂದು ಹೇಳಿ, "ಬಂದ್ ಆಗತೈತ್ರಿ ಸರ್. ಆದ್ರ ಯಾಕ್ರಿ ಬಂದ್ ಮಾಡ್ತೀರಿ? ಮತ್ತ ಗಾಡಿ ಆಫ್ ಮಾಡಿ ಚಾಲೂ ಮಾಡಿದ್ರ ಅದು ತಾನ ಆನ್ ಆಗತೈತ್ರಿ" ಎಂದಳು. ಆಕೆಯ ಮೊದಲ ವಾಕ್ಯವಷ್ಟೇ ನನ್ನ ಕಿವಿಗೆ ಬಿತ್ತು. ಮರುದಿನದಿಂದ ಮನೆಯಿಂದ ಹೊರಡುವಾಗ ಸುಮಂಗಲಾ ಒಳಗೆ ಹೋದದ್ದನ್ನು ನೋಡಿಕೊಂಡು, ಪರದೆ ಒತ್ತಿ ಕಾರಿನ ಬಾಯಿ ಕಟ್ಟಿ ಹೊರಡತೊಡಗಿದೆ. ಆಹಾ, ಏನು ಹೇಳಲಿ! ಸಾವಕಾಶಪ್ಪನ ಬಾಜೂಕಿನ ಸಂದಿಯಿಂದ ಸರ್ರನೆ ಬಂದ್ ಮಾಡಿದ ಭಾಗಕ್ಕೆ ನುಗ್ಗಿ, ಸಾಪು ನೆಲದ ಮೇಲೆ ತೇಲಿಕೊಂಡು ಹೋಗಿ, ಮಾಬುಸಾಬನಿಗಿಂತ ಮುಂಚೆ ಸಾಲಿ ಮುಟ್ಟುತ್ತಿದ್ದೆ. ಹೋಗುವಾಗ ಗೊಂಬೆಯ ಅಂಗಿಯ ತೋಳು ನನ್ನ ಕನ್ನಡಿಗೆ ಸವರುತ್ತಿತ್ತು. ಒಮ್ಮೆ ಅದಕ್ಕೆ ಕೈಯನ್ನೂ ಬೀಸಿದೆ.

ಆ ದಿನ ಬೆಳಿಗ್ಗೆ ಮಂಜು ಬಿದ್ದಿತ್ತು. ಎಂದಿನಂತೆ ಕಾರಿನ ಬಾಯಿ ಕಟ್ಟಿ ಮನೆ ಬಿಟ್ಟೆ. ಊರು ದಾಟುವ ಮೊದಲು ಒಂದು ಅಂಗಡಿಯ ಮುಂದೆ ಮಿರ್ಚಿಭಜಿ ಕರಿಯುವ ವಾಸನೆ ಬಂತು. ನನಗೆ ಪಿತ್ತ, ಎಣ್ಣೆ ಪದಾರ್ಥ ಮುಟ್ಟಬಾರದೆಂದು ಮನೆಯಲ್ಲಿ ಕಟ್ಟಪ್ಪಣೆ. ಆದರೆ ಥಂಡಿಯ ದಿನ, ಬಿಸಿ ಮಿರ್ಚಿ, ಜೊತೆಗೆ ಒಂದು ತಾಟು ಚುರುಮುರಿ ಸೂಸಲಾ. ಕಾರನ್ನು ಬಾಜೂಕ್ಕೆ ನಿಲ್ಲಿಸಿ, ಕೀಲಿ ತಿರುಗಿಸಿ ಇಳಿದೆ. ತಿಂದು, ಕೈ ಒರೆಸಿಕೊಂಡು, ಬಾಯಿವಾಸನೆ ಹೋಗಲೆಂದು ಬಡೇಸೋಪು ಹಾಕಿಕೊಂಡು ಮತ್ತೆ ಹೊರಟೆ. ಹೊತ್ತಾಗಿತ್ತು. ಕುಬಿಹಾಳದ ಹಾದಿ ಹತ್ತಿರ ಬಂದಾಗ ಮಂಜಿನಲ್ಲಿ ಸಾವಕಾಶಪ್ಪ ಕಂಡ. ಬೆನ್ನು ನನ್ನ ಕಡೆ ಇತ್ತು, ಎರಡೂ ಕೈ ಚಾಚಿದ್ದವು, ಅದೇ ಬಿಳಿ ಅಂಗಿ, ಅದೇ ಕೆಂಪು ರುಮಾಲು. ಗಾಳಿಗೆ ತಿರುಗಿ ನಿಂತಿರಬೇಕು ಅಂದುಕೊಂಡೆ. ಇವತ್ತು ಸ್ವಲ್ಪ ನಡುವೆ ಸರಿದಿದ್ದಾನೆ, ಸವರಿದರೆ ಸವರಲಿ, ಗೊಂಬೆ ತಾನೆ ಎಂದು ವೇಗ ಇಳಿಸದೆ ಆ ಸಂದಿಗೇ ಗುರಿಯಿಟ್ಟೆ.

ಕುಂಯ್ ಎಂದಿತು ಕಾರು. "ನಿನ್ನ ಬಾಯಿ ಕಟ್ಟೇನಲ್ಲೋ!" ಎಂದುಕೊಳ್ಳುವಷ್ಟರಲ್ಲಿ ಸೀಟಿನ ಪಟ್ಟಿ ನನ್ನನ್ನು ಹಿಂದಕ್ಕೆ ಜಗ್ಗಿ ಹಿಡಿಯಿತು, ಗಾಲಿಗಳು ಖಡಿಯ ಮೇಲೆ ಕರಕರ ಎಂದವು, ಬುತ್ತಿಯ ಡಬ್ಬಿ ಹಾರಿ ಬಿತ್ತು, ಬದನೆಕಾಯಿ ಪಲ್ಯ ಕಾಲ ಬುಡದಲ್ಲೆಲ್ಲ ಚೆಲ್ಲಿತು. ಕಾರು ನಿಂತಿತು. ಎದುರಿಗೆ, ಮೂತಿಗೆ ಒಂದು ಮಾರು ದೂರದಲ್ಲಿ, ಸಾವಕಾಶಪ್ಪ ನಿಧಾನವಾಗಿ ಕುತ್ತಿಗೆ ತಿರುಗಿಸಿ ನನ್ನನ್ನು ನೋಡಿದ.

"ಏನ್ರೀ ಮಾಸ್ತರ, ಸಾಲಿಗಿ ಹೊತ್ತಾತೇನ್ರಿ?" ಎಂದ.

ಗೊಂಬೆ ಮಾತಾಡಿತೆಂಬ ಅಂಜಿಕೆ ಒಂದು ಕ್ಷಣ. ಅದು ಗೊಂಬೆಯಲ್ಲ ಎಂಬ ಅಂಜಿಕೆ ಆಮೇಲೆ ಬಂತು, ಅದು ಇನ್ನೂ ಹೋಗಿಲ್ಲ. ಫಕ್ಕೀರಪ್ಪಜ್ಜ ನಿಂತಿದ್ದ. ಹಿಂದಿನ ಸಂಜೆ ಹತ್ತಿ ತುಂಬಿದ ಟ್ರ್ಯಾಕ್ಟರೊಂದು ಸವರಿಕೊಂಡು ಹೋಗಿ ಸಾವಕಾಶಪ್ಪನನ್ನು ಕೆಡವಿತ್ತಂತೆ. ಅಜ್ಜ ಹೊಸ ಗಳ ತಂದು ನೆಟ್ಟು, ಗೊಂಬೆಗೆ ಕೈ ಎಷ್ಟು ಅಗಲ ಬೇಕೆಂದು ತನ್ನ ಕೈಗಳನ್ನೇ ಚಾಚಿ ಅಳತೆ ನೋಡುತ್ತಿದ್ದ. ಎಂಜಿನ್ನಿನ ಸದ್ದು ಅವನ ಕಿವಿಗೆ ಬಿದ್ದಿರಲಿಲ್ಲ. ಇತ್ತೀಚೆಗೆ ಅಜ್ಜನಿಗೆ ಕೇಳಿಸುವುದು ಕಡಿಮೆ. ನಾನು ಪಲ್ಯ ತುಳಿದುಕೊಂಡು ಕೆಳಗಿಳಿದೆ. "ಅಜ್ಜಾ, ನಾ ನಿಮ್ಮನ್ನ..." ಎಂದವನು, ಅವನಿಗೆ ಕೇಳಿಸಲೆಂದು ಗಟ್ಟಿಯಾಗಿ ಕೂಗಿ ಹೇಳಬೇಕಾಯಿತು: "ನಾ ನಿಮ್ಮನ್ನ ಗೊಂಬಿ ಅಂತ ತಿಳದಿದ್ದೆ, ಅಜ್ಜಾ! ನಾ ನಿಲ್ಲಸಿಲ್ಲ. ಗಾಡಿ ತಾನ ನಿಂತತಿ!" ಇಂಥ ಮಾತನ್ನು ಪಿಸುಗುಟ್ಟಿ ಹೇಳಲು ಬಿಟ್ಟಿದ್ದರೂ ಸಾಕಿತ್ತು. ಕೂಗಿದ್ದು ಜೋಳದ ಹೊಲಕ್ಕೆಲ್ಲ ಕೇಳಿಸಿರಬೇಕು.

ಅಜ್ಜ ಕಾರಿನ ಹತ್ತಿರ ಬಂದ. ಎತ್ತಿನ ಹಣೆ ಸವರುವ ಹಾಗೆ ಅದರ ಮೂತಿಯನ್ನು ಸವರಿದ. "ಭಾಳ ಶಾಣ್ಯಾ ಗಾಡಿ ಐತ್ರಿ ಮಾಸ್ತರ. ದಿನಾ ನನ್ನ ಹಳೀ ಅಂಗಿ ನೋಡಿ ನಿಂತು ಹೋಗ್ತಿತ್ತು. ಹೊಲದಾಗಿಂದ ನೋಡ್ತಿದ್ದೆ, ಎಷ್ಟ ಮರ್ಯಾದಿ ಅನ್ನಿಸ್ತಿತ್ತು. ನಡುವ ಒಂದಿಷ್ಟು ದಿನ ನಿಲ್ಲಲಿಲ್ಲ. ಆರಾಮಿಲ್ಲೇನೋ ಪಾಪ ಅಂದ್ಕೊಂಡೆ. ಇವತ್ತ ಮತ್ತ ನಿಂತತಿ. ಇವತ್ತ ಅಂಗಿ ಒಳಗ ನಾ ಇದ್ದೆ, ಅಷ್ಟ."

ಇಷ್ಟು ಹೇಳಿ ಅಜ್ಜ ನಕ್ಕು, "ಬಂದೀರಿ ಅಂದ್ರ ಈ ಗಳಾ ಒಂದೀಟ ಹಿಡೀರಿ, ಹಗ್ಗಾ ಬಿಗೀತೀನಿ" ಎಂದ. ನಾನು ಹಿಡಿದೆ. ಬೇರೆ ದಿನವಾಗಿದ್ದರೆ ಸಾಲಿಗೆ ಹೊತ್ತಾಯಿತೆನ್ನುತ್ತಿದ್ದೆ. ಆ ದಿನ ಸಂಜೆತನಕ ಹಿಡಿ ಎಂದಿದ್ದರೂ ಹಿಡಿಯುತ್ತಿದ್ದೆ. ಆಗ ನನಗೆ ಅನ್ನಿಸಿದ್ದು ಇಷ್ಟು. ನಾವೆಲ್ಲ ಗೊಂಬೆಯ ಗುಟ್ಟು ತಿಳಿದ ಜಾಣರು. ಎದುರಿಗಿರುವುದು ಬರೀ ಅಂಗಿಯೇ ಎಂದು ಒಮ್ಮೆ ಗೊತ್ತಾದರೆ ಮತ್ತೆ ನೋಡುವುದಿಲ್ಲ. ಈ ಕಾರು ದಡ್ಡ. ಒಳಗೆ ಮನುಷ್ಯ ಇದ್ದರೂ ಇರಬಹುದೆಂದು ಪ್ರತಿದಿನವೂ ಹೊಸದಾಗಿ ನಿಲ್ಲುತ್ತದೆ. ಆ ದಡ್ಡತನದ ಮುಂದೆ ನನ್ನ ಜಾಣತನಕ್ಕೆ ಬೆಂಕಿ ಹಚ್ಚಬೇಕು ಅನ್ನಿಸಿತು. ಅಷ್ಟರಲ್ಲಿ ಮಂಜಿನೊಳಗಿಂದ ಮಾಬುಸಾಬನ ಟಂಟಂ ಬಂತು. ಗಳ ತಬ್ಬಿಕೊಂಡು ನಿಂತ ನನ್ನನ್ನು ನೋಡಿ, "ಏನ್ ಸರ, ಡ್ಯೂಟಿ ಬದಲಾತೇನ್ರಿ?" ಎಂದ. ನಾನು ಹೌದಪ್ಪಾ ಎಂದೆ.

ಆದರೆ ಕಾರಿನ ಬಾಯಿ ಕಟ್ಟಿದ್ದೆನಲ್ಲ, ಅದು ಕೂಗಿದ್ದು ಹೇಗೆ? ಸಾಲಿಯಲ್ಲಿ ಮಧ್ಯಾಹ್ನ, ಪಲ್ಯವಿಲ್ಲದ ಬರೀ ರೊಟ್ಟಿ ಮುರಿಯುವಾಗ ಹೊಳೆಯಿತು. ಮಿರ್ಚಿಗಾಗಿ ಕಾರನ್ನು ಆಫ್ ಮಾಡಿ ಮತ್ತೆ ಚಾಲೂ ಮಾಡಿದ್ದೆ. ಶೋರೂಮಿನ ಹೆಣ್ಣುಮಗಳ ಕೊನೆಯ ವಾಕ್ಯ ಆಗ ಕಿವಿಗೆ ಬಿತ್ತು. ಅಂದರೆ ಅಜ್ಜ ಉಳಿದದ್ದು ಒಂದು ತಾಟು ಮಿರ್ಚಿಯಿಂದ! ಸಂಜೆ ಸುಮಂಗಲಾಳ ಮುಂದೆ ಎಲ್ಲವನ್ನೂ ಹೇಳಿದೆ. ಕಾರಿನ ಬಾಯಿ ಕಟ್ಟಿದ್ದು, ಅಜ್ಜ ತಿರುಗಿ ನೋಡಿದ್ದು, ಎಲ್ಲ. ಆಕೆ ಕೇಳುತ್ತಾ ಕೇಳುತ್ತಾ ಕುರ್ಚಿಯ ಮೇಲೆ ಕುಳಿತುಬಿಟ್ಟಳು. ದವಾಖಾನೆಯಲ್ಲಿ ಎಂಥ ಗಾಯ ಕಂಡರೂ ಕೂಡದವಳು ಕುಳಿತದ್ದನ್ನು ಕಂಡು ನಾನು ಒಂದು ತಂಬಿಗೆ ನೀರು ತಂದು ಕೊಟ್ಟೆ. ನೀರು ಕುಡಿದು, "ಆ ಅಜ್ಜನ್ನ ನನ್ನ ಟೇಬಲ್ ಮ್ಯಾಲೆ ತಂದು ಹಾಕ್ತಿದ್ರಿ" ಎಂದಳು. ತಂಬಿಗೆ ಕೆಳಗಿಟ್ಟು, "ಎಷ್ಟ ಮಿರ್ಚಿ ತಿಂದ್ರಿ?" ಎಂದಳು. ಬದುಕು ಮತ್ತೆ ಸರಿಹೋಯಿತೆಂದು ನಾನು ಉಸಿರು ಬಿಟ್ಟೆ.

ಮರುದಿನ ಬೆಳಿಗ್ಗೆ ಆಕೆಯೇ ಕಾರಿನ ಪರದೆಯನ್ನು ಪರೀಕ್ಷೆ ಮಾಡಿ, ಒಂದು ಗಂಟು ತಂದು ಮುಂದಿನ ಸೀಟಿನ ಮೇಲಿಟ್ಟಳು. "ಟ್ರ್ಯಾಕ್ಟರ್ ಬಡದು ಸಾವಕಾಶಪ್ಪನ ಅಂಗಿ ಹರದಿರಬೇಕು. ಇದನ್ನ ಅಜ್ಜಗ ಕೊಡ್ರಿ. ಮಂಜಿನಾಗ ಅಜ್ಜ ಯಾವ್ದು, ಗೊಂಬಿ ಯಾವ್ದು ಅಂತ ನಿಮಗ ಗೊತ್ತಾಗ್ಲಿ" ಎಂದಳು. ದಾರಿಯಲ್ಲಿ ಗಂಟು ಬಿಚ್ಚಿ ನೋಡಿದರೆ ನನ್ನ ನೀಲಿ ಚೌಕಡಿಯ ಅಂಗಿ! ಸಾಲಿಯ ಸನ್ಮಾನಕ್ಕೆ ಹೊಲಿಸಿದ್ದು, ಹೊಟ್ಟೆಯ ಬಳಿ ಗುಂಡಿ ಕೂಡದಿದ್ದರೂ ನಾನು ಜೀವದಂತೆ ಕಾಪಾಡಿಕೊಂಡಿದ್ದು. ಕೆಳಗೆ ನನ್ನದೇ ಹಳೆಯ ಪ್ಯಾಂಟೂ ಇತ್ತು. ಕೊಡದೆ ವಿಧಿಯಿರಲಿಲ್ಲ. ಅಜ್ಜ ಬಹಳ ಪ್ರೀತಿಯಿಂದ ಗೊಂಬೆಗೆ ತೊಡಿಸಿ, ಒಳಗೆ ಹೊಟ್ಟು ತುಂಬಿ ಹೊಟ್ಟೆಯನ್ನೂ ಬರಿಸಿದ. ಆಮೇಲೆ ದೂರ ನಿಂತು ನೋಡಿ, "ಏನೋ ಕಡಿಮಿ ಬಿತ್ರಿ. ಮಾಸ್ತರ ಅಂಗಿ ಅಂದ ಮ್ಯಾಲೆ ಕಿಸೇದಾಗ ಪೆನ್ನು ಬೇಕಲ್ರಿ" ಎಂದು ನನ್ನ ಕಿಸೆಯಿಂದಲೇ ಪೆನ್ನು ತೆಗೆದು ಅದರ ಕಿಸೆಗೆ ಸಿಗಿಸಿದ.

ಅಲ್ಲಿಂದ ಈಚೆಗೆ ಆ ಜಾಗದಲ್ಲಿ ಗಾಡಿಗಳು ನಿಧಾನವಾಗಿವೆ, ನಂಬುತ್ತೀರೋ ಇಲ್ಲವೋ. ನನ್ನ ಹಳೆಯ ವಿದ್ಯಾರ್ಥಿಗಳು ದೂರದಿಂದಲೇ "ಲೇ, ಸರ ನಿಂತಾರ!" ಎಂದು ಬೈಕಿನ ವೇಗ ಇಳಿಸುತ್ತಾರೆ, ಹತ್ತಿರ ಬಂದು ಗೊತ್ತಾದ ಮೇಲೂ ಅಭ್ಯಾಸದಿಂದ ನಮಸ್ಕಾರ ಹೊಡೆದು ಹೋಗುತ್ತಾರೆ. ಸಂತೆಯಲ್ಲಿ ನಾನು ಖುದ್ದು ಎದುರು ಬಂದರೆ ಕಾಣದವರಂತೆ ಹೋಗುವವರು ಇವರೇ. ಮಾಬುಸಾಬ ಕೂಡ ಅಲ್ಲಿ ಬ್ರೇಕ್ ಹಾಕಿ, "ಸರ, ಈ ಸರ ಭಾಳ ಚಲೋ ಅದಾರ್ರಿ, ಟೈಮಿಗಿ ಬಂದು ನಿಂತಿರ್ತಾರ" ಎನ್ನುತ್ತಾನೆ. ಅಜ್ಜ ಹೊಸ ಕರು ತಂದಿದ್ದಾನೆ. ಅದು ಗೊಂಬೆಯ ಪ್ಯಾಂಟನ್ನು ನೆಕ್ಕುತ್ತಾ ಅದರ ನೆರಳಿನಲ್ಲೇ ರಸ್ತೆ ದಾಟುತ್ತದೆ.

ಮೊನ್ನೆ ರಜೆಯ ದಿನ ಸುಮಂಗಲಾ ತಾನೂ ನೋಡಬೇಕೆಂದು ಜೊತೆಗೆ ಬಂದಳು. ಕುಬಿಹಾಳದ ಹಾದಿ ಬಂತು. ಕುಂಯ್ ಕುಂಯ್ ಎಂದು ಕಾರು ನಿಂತಿತು. ಎದುರಿಗೆ ನೀಲಿ ಚೌಕಡಿ ಅಂಗಿ ತೊಟ್ಟು, ಹೊಟ್ಟೆ ಮುಂದೆ ಮಾಡಿ, ಕಿಸೆಯಲ್ಲಿ ಪೆನ್ನಿಟ್ಟು, ಕೈಯಲ್ಲಿ ಕೆಂಪು ಬಟ್ಟೆ ಹಿಡಿದು ನಾನು ನಿಂತಿದ್ದೆ. ಆಕೆ ಒಮ್ಮೆ ಅವನನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು, ಮತ್ತೆ ಅವನನ್ನೇ ಬಹಳ ಹೊತ್ತು ಮೆಚ್ಚಿಕೆಯಿಂದ ನೋಡಿದಳು.

"ಎಷ್ಟ ಚಲೋ ಮನಷ್ಯಾ ನೋಡ್ರಿ" ಎಂದಳು. "ಮಿರ್ಚಿ ತಿನ್ನೂದಿಲ್ಲ, ಗಾಡಿ ಹೊಡಿಯೂದಿಲ್ಲ, ಮಂದೀನ ಕಾಯ್ತಾನ."

ನಾನು ಉತ್ತರ ಕೊಡಲು ಬಾಯಿ ತೆರೆದೆ. ಆಮೇಲೆ, ಕಾರು ಕೂಡ ಅವನ ಮುಂದೆ ಸುಮ್ಮನೆ ನಿಂತಿದೆಯಲ್ಲ ಎಂದು ನೆನಪಾಗಿ, ನಾನೂ ಸುಮ್ಮನೆ ಕುಳಿತೆ.